ಕೌದಿಯ ಕೊನೆಯ ಮೂಲೆ

ಚಂದಾಪುರ
4 ಜೂನ್ 2006

ಪ್ರೀತಿಯ ವೈನಿಗೆ,

ನಿಮ್ಮ ನಾದಿನಿ ಮಾದೇವಿಯ ನಮಸ್ಕಾರ. ನಾನು, ಬಸಲಿಂಗ ಇಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಹೊಟ್ಟೆಯೊಳಗಿನ ಮೂರನೆಯದು ನಮ್ಮಿಬ್ಬರಿಗಿಂತ ಚೆನ್ನಾಗಿದೆ, ಒದ್ದು ಒದ್ದು ತಿಳಿಸುತ್ತಿದೆ. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಅಣ್ಣ ಕೇಳಿದರೆ ಹೀಗೆ ಹೇಳಿ: ಓಣಿಯ ಕಿರಾಣಿ ಅಂಗಡಿಗೆ ಫೋನು ಮಾಡಿದಾಗಲೆಲ್ಲ ಅವ್ವ ಬರುವುದಿಲ್ಲ, ನೀವು ಓಡಿ ಬರುತ್ತೀರಿ, ಅಂಗಡಿಯವನು ಬೆಲ್ಲ ತೂಗುವುದನ್ನು ಬಿಟ್ಟು ಕಿವಿ ಕೊಟ್ಟು ನಿಂತಿರುತ್ತಾನೆ. ಅವನ ಮುಂದೆ ನಮ್ಮ ಮನೆಯ ಮಾತು ಯಾಕೆ?

ಅವ್ವನ ಸಿಟ್ಟು ಇನ್ನೂ ಇಳಿದಿಲ್ಲ, ಅಲ್ಲವೇ ವೈನಿ? ಬಸವ ಜಯಂತಿಯ ದಿನ ನಾನು ಫೋನಿನಲ್ಲಿ ಆಡಿದ ಮಾತು ನಿಮಗೂ ಗೊತ್ತಾಗಿರುತ್ತದೆ. "ಚೊಚ್ಚಲ ಹೆರಿಗಿ ತವರಿನಾಗ ಆಗಬೇಕು, ನೀ ಬರತೀ ಅಷ್ಟ" ಎಂದು ಅವ್ವ ಹಠ ಹಿಡಿದಳು. ಫ್ಯಾಕ್ಟರಿಯ ರಜೆ, ಇಎಸ್‌ಐ ಕಾರ್ಡು, ಇಲ್ಲಿಯ ಆಸ್ಪತ್ರೆ ಎಂದು ನಾನು ಎಷ್ಟು ತಿಳಿಹೇಳಿದರೂ ಅದೇ ರಾಗ. ಕೊನೆಗೆ ನನ್ನ ಬಾಯಿ ನಿಲ್ಲಲಿಲ್ಲ. "ನಿನ್ನ ಕೈಯಾಗ ನನ್ನ ಕೂಸಿನ ಜೀವ ಕೊಡಂಗಿಲ್ಲ" ಅಂದುಬಿಟ್ಟೆ. ಆ ಕಡೆಯಿಂದ ಫೋನು ಇಟ್ಟ ಸದ್ದು ಕೇಳಿಸಿತು. ಅವತ್ತಿನಿಂದ ಅವ್ವನ ದನಿ ಕೇಳಿಲ್ಲ.

ಹೆರಿಗೆ ಇಲ್ಲೇ ಆಗಲಿ, ಅದರಲ್ಲಿ ನಾನು ಬದಲಾಗುವುದಿಲ್ಲ. ಆದರೆ ಕೂಸಿಗೆ ಅವ್ವನ ಕೈಯ ಕೌದಿ ಬೇಕೇ ಬೇಕು. ನಮ್ಮ ಮನೆಯಲ್ಲಿ ಹುಟ್ಟಿದ ಯಾವ ಕೂಸು ಅವಳು ಹೊಲಿದ ಕೌದಿ ಇಲ್ಲದೆ ಮಲಗಿದೆ ಹೇಳಿ? ಕೌದಿ ಬಂತೆಂದರೆ ಅವ್ವ ನನ್ನನ್ನು ಕ್ಷಮಿಸಿದಳು ಎಂದು ತಿಳಿದುಕೊಳ್ಳುತ್ತೇನೆ. ಬಾಯಿಬಿಟ್ಟು ಹೇಳುವುದೇ ಬೇಡ.

ನಮ್ಮೂರ ಯಮನಪ್ಪ ಮಾವನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಅವನು ಈಗ ಪಟ್ಟಂದೂರು ಅಗ್ರಹಾರದ ಶೆಡ್ಡಿನಲ್ಲಿದ್ದುಕೊಂಡು ವೈಟ್‌ಫೀಲ್ಡಿನ ದೊಡ್ಡ ಕಟ್ಟಡದಲ್ಲಿ ಮೇಸ್ತ್ರಿ ಕೆಲಸ ಮಾಡುತ್ತಾನೆ, ಊರಿಗೆ ಹೊರಡುವಾಗ ನನ್ನ ಮನೆಗೂ ಬಂದು ಹೋಗುತ್ತಾನೆ. ಗಂಟಿನಲ್ಲಿರುವುದು ನಮ್ಮ ಗಾರ್ಮೆಂಟ್ಸಿನ ಕಟಿಂಗಿನಲ್ಲಿ ಉಳಿದ ತುಂಡುಗಳು. ಎಲ್ಲ ಎಕ್ಸ್‌ಪೋರ್ಟ್ ಬಟ್ಟೆ, ಬಣ್ಣ ನೋಡಿದರೆ ಕಣ್ಣು ತಂಪಾಗುತ್ತದೆ. ಕದ್ದದ್ದಲ್ಲ ಮತ್ತೆ! ಸೂಪರ್‌ವೈಸರೇ "ತಗೊಂಡ್ ಹೋಗಮ್ಮ, ಹೆಂಗೂ ವೇಸ್ಟಿಗೆ ಹೋಗುತ್ತೆ. ಗೇಟಲ್ಲಿ ನನ್ನೆಸ್ರು ಹೇಳು" ಅಂದರು. ಅವ್ವನಿಗೆ ತೋರಿಸಿ, ಏನಂದಳು ಬರೆಯಿರಿ.

ನಿಮ್ಮ
ಮಾದೇವಿ


ಹುನಗುಂದ
18 ಜೂನ್ 2006

ಮಾದೇವಿಗೆ ಶೈಲಶ್ರೀ ವೈನಿಯ ಆಶೀರ್ವಾದ.

ನಿನ್ನ ಕಾಗದ ಬಂತು, ಗಂಟೂ ಬಂತು, ಗಂಟು ಹೊತ್ತ ಯಮನಪ್ಪನೂ ಬಂದ. ಮೂವರಲ್ಲಿ ಯಮನಪ್ಪನಿಗೇ ಹೆಚ್ಚು ರೊಟ್ಟಿ ಖರ್ಚಾಯಿತು.

ಗಾರ್ಮೆಂಟ್ಸ್ ಸೇರಿ ಇಷ್ಟು ವರ್ಷವಾಯಿತು, ಕೌದಿ ಅಂದರೇನು ಎಂಬುದನ್ನೇ ಮರೆತೆಯಾ ಹುಡುಗಿ? ಅವ್ವ ನಿನ್ನ ಎಕ್ಸ್‌ಪೋರ್ಟ್ ತುಂಡುಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿದಳು. ಆಮೇಲೆ ಏನಂದಳು ಗೊತ್ತೇ? "ಇದಕ್ಕ ಅಂಗಡಿ ವಾಸನಿ ಐತಿ, ಮನಶ್ಯಾರ ವಾಸನಿ ಇಲ್ಲ. ಉಟ್ಟು ತೊಟ್ಟು ಮೆತ್ತಗಾದ ಅರಿವಿ ಇಲ್ಲದ ಕೌದಿ ಹ್ಯಾಂಗ ಆದೀತು? ಯಾವ ಸಾಹೇಬನ ಮಗನ ತೊಟ್ಟಿಲಕ್ಕ ಹೊಲೀಬೇಕಂತ ಇದನ್ನ?" ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು. ಆ ತುಂಡುಗಳಲ್ಲಿ ಎಲೆ ಅಡಿಕೆಯ ಚೀಲ ಹೊಲಿದು ಓಣಿಗೆಲ್ಲ ಹಂಚಿದೆ. ಪಕ್ಕದ ಮನೆಯ ಮಹಾಂತಮ್ಮ ಅಮೇರಿಕದ ಅಂಗಿಯ ಬಟ್ಟೆಯಿಂದ ತಂಬಾಕು ತೆಗೆದು ತಿನ್ನುತ್ತಿದ್ದಾಳೆ.

ಕೌದಿಗೆ ನಿನ್ನ ಮೈಮೇಲಿನ ಹಳೆಯ ಸೀರೆ ಕಳಿಸು. ಬಸಲಿಂಗನ ಹಳೆಯ ಲುಂಗಿ, ಅಂಗಿ ಯಾವುದಾದರೂ ಇದ್ದರೆ ಅದೂ ಇರಲಿ, ತಂದೆಯ ಬಟ್ಟೆಯೂ ಸೇರಬೇಕು. ಒಳಗಿನ ಪದರಕ್ಕೆ ಅವ್ವನ ಹಳೆಯ ಇಳಕಲ್ ಸೀರೆ ಇದೆ, ಅದನ್ನು ತೆಗೆದಿಟ್ಟಿದ್ದೇನೆ.

ನಿನ್ನ ಕುಬಸಕ್ಕೆ ನಾವು ಬರಬೇಕಿತ್ತು. ನಿಮ್ಮಣ್ಣನಿಗೆ ಗ್ರಾನೈಟ್ ಪಾಲಿಶಿನ ಕೆಲಸದಲ್ಲಿ ಈ ತಿಂಗಳು ಒಂದು ದಿನವೂ ಬಿಡುವಿಲ್ಲವಂತೆ. ಹಸಿರು ಸೀರೆ, ಖಣ, ಬಳೆ ಎಲ್ಲ ಯಮನಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅಲ್ಲಿಯ ಹೆಂಗಸರನ್ನು ಕರೆದು ಉಡಿ ತುಂಬಿಸಿಕೋ. ಬೇಸರ ಮಾಡಿಕೊಳ್ಳಬೇಡ.

ಅವ್ವನ ಸಿಟ್ಟಿನ ಬಗ್ಗೆ ಕೇಳಿದ್ದೀ. ಅವಳ ಸಿಟ್ಟು ಹಾಲು ಉಕ್ಕಿದ ಹಾಗೆ ಎಂಬುದು ನಿನಗೆ ಗೊತ್ತಿಲ್ಲದ್ದೇ? ಅದರ ವಿಚಾರ ಈಗ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ಶೈಲಶ್ರೀ


ಚಂದಾಪುರ
9 ಜುಲೈ 2006

ಪ್ರೀತಿಯ ವೈನಿಗೆ,

ಹಸಿರು ಸೀರೆ ಉಟ್ಟುಕೊಂಡು ಉಡಿ ತುಂಬಿಸಿಕೊಂಡೆ. ಮನೆ ಓನರ್ ಅಂಜಿನಮ್ಮನೇ ಹಿರಿಯಳಾಗಿ ನಿಂತು ಆರತಿ ಎತ್ತಿದಳು. ಎಲ್ಲರೂ "ತವರ್ನೋರು ಯಾಕ್ ಬರ್ಲಿಲ್ಲ?" ಎಂದು ಕೇಳುವವರೇ. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದೆ. ನನಗೆ ತುಂಬಾ ಅಳು ಬಂತು ವೈನಿ. ಅವ್ವ ಬರದೆ ಇದ್ದಾಳು ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಇರಲಿ. ಹಳೆಯ ಬಟ್ಟೆ ಕಳಿಸಿದ್ದೇನೆ. ನಾನು ಮೊದಲ ವರ್ಷ ಫ್ಯಾಕ್ಟರಿಗೆ ಉಟ್ಟುಕೊಂಡು ಹೋಗುತ್ತಿದ್ದ ನೀಲಿ ಸೀರೆ, ಬಸಲಿಂಗನ ಚೌಕಳಿ ಲುಂಗಿ, ಜೊತೆಗೆ ನನ್ನ ಹೂವಿನ ನೈಟಿ. ನೈಟಿಯನ್ನು ಕೌದಿಗೆ ಹಾಕಬಹುದೋ ಇಲ್ಲವೋ ಎಂದು ಅವ್ವನನ್ನೇ ಕೇಳಿ. ಗಂಟು ಕಟ್ಟುವಾಗ ಅಂಜಿನಮ್ಮ ನೋಡಿ, "ಅಲ್ಲಾ ಕಣಮ್ಮಿ, ಅರ್ದೋಗಿರೋ ಬಟ್ಟೇನ ಊರ್ಗ್ಯಾಕೆ ಕಳುಸ್ತೀಯ? ಇಂಗೆ ಕೊಡು, ನೆಲ ಒರ್ಸಕ್ಕಾಯ್ತದೆ" ಅಂದಳು. ಕೌದಿಯ ವಿಷಯ ಹೇಳಿದೆ. ಅವಳು ಬಟ್ಟೆ ಸವರುತ್ತ, "ನಮ್ಮಮ್ಮನೂ ಇಂಗೇ ಒಂದು ಒಲ್ದಿದ್ಲು. ಮದ್ವೆ ಆದ್ಮೇಲೆ ಎಲ್ಲೋಯ್ತೋ ಗೊತ್ತಿಲ್ಲ" ಎಂದು ಒಳಗೆ ಹೋದಳು.

ಈಗ ದಿನಕ್ಕೆ ಒಂಬತ್ತು ತಾಸು ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಬಂದು ಮಲಗಿದರೆ ನಿದ್ದೆ ಬರುವುದಿಲ್ಲ, ಬರೀ ಹಳೆಯದೆಲ್ಲ ನೆನಪಾಗುತ್ತದೆ. ಬೇಸಿಗೆ ಬಂತೆಂದರೆ ಅವ್ವ ಪಡಸಾಲೆಯಲ್ಲಿ ಹಳೆಯ ಸೀರೆ ಹಾಸುತ್ತಿದ್ದಳು. ಬಟ್ಟೆ ಸರಿಯಬಾರದು ಎಂದು ಮೂಲೆಗೊಬ್ಬರಂತೆ ಓಣಿಯ ಮಕ್ಕಳನ್ನು ಕೂರಿಸುತ್ತಿದ್ದಳು. ಅಲುಗಾಡಿದರೆ ಸೂಜಿಯ ಹಿಂಬದಿಯಿಂದ ಚುಚ್ಚುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವನ ಪಟ್ಟೆ ಅಂಗಿಯನ್ನು ನನ್ನ ಕೌದಿಗೆ ಹಾಕಿದಳು, ಜೇಬು ಬಿಚ್ಚದೆ ಹಾಗೇ ಹೊಲಿದಳು. ಎಷ್ಟೋ ವರ್ಷ ನಾನು ಆ ಜೇಬಿನಲ್ಲಿ ಪೆಪ್ಪರಮಿಂಟು ಬಚ್ಚಿಟ್ಟುಕೊಂಡು ಮಲಗಿದ್ದೇನೆ. ಅಪ್ಪನೇ ಕೊಟ್ಟ ಹಾಗೆ ಅನಿಸುತ್ತಿತ್ತು.

ಅಂಚಿನಿಂದ ಸುತ್ತಿ ಸುತ್ತಿ ಹೊಲಿದು, ಕೊನೆಗೆ ಒಂದು ಮೂಲೆಯನ್ನು ಬಿಟ್ಟು, ಅದರೊಳಗೆ ಒಣ ರೊಟ್ಟಿಯ ಚೂರು ಇಟ್ಟು ಮುಚ್ಚುತ್ತಿದ್ದಳಲ್ಲ? "ಹಸದ ಕೌದಿ ಮೈ ಕಾಯಂಗಿಲ್ಲ" ಅನ್ನುತ್ತಿದ್ದಳು. ಬೇರೆ ಎಲ್ಲಿ ಬೇಕಾದರೂ ನಮಗೆ ಸೂಜಿ ಕೊಟ್ಟಾಳು, ಆ ಕೊನೆಯ ಮೂಲೆಗೆ ಮಾತ್ರ ಮನೆಯ ಹಿರಿಯಳ ಕೈಯೇ ಆಗಬೇಕು. ನನ್ನ ಕೂಸಿನ ಕೌದಿಯ ಮೂಲೆಯನ್ನೂ ಅವಳೇ ಮುಚ್ಚುವ ಹಾಗೆ ನೋಡಿಕೊಳ್ಳಿ ವೈನಿ. ಇದೊಂದು ಕೆಲಸ ಮಾಡಿಕೊಡಿ.

ಪಂಚಮಿಯ ದಿನ ಬೆಳಿಗ್ಗೆ ಅಂಗಡಿಗೆ ಫೋನು ಮಾಡುತ್ತೇನೆ. ಅಂಗಡಿಯವನು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಅವ್ವನನ್ನು ಕರೆದುಕೊಂಡು ಬನ್ನಿ.

ಮಾದೇವಿ


ಹುನಗುಂದ
3 ಆಗಸ್ಟ್ 2006

ಮಾದೇವಿಗೆ ಆಶೀರ್ವಾದ.

ಪಂಚಮಿಯ ದಿನ ಅವ್ವ ಫೋನಿಗೆ ಬರಲಿಲ್ಲ. ಮೈಗೆ ಸ್ವಲ್ಪ ಹುಷಾರಿರಲಿಲ್ಲ, ಮಲಗಿದ್ದಳು. ನೀನು ಫೋನು ಇಟ್ಟ ರೀತಿಯಿಂದ ನಿನಗೆ ನೋವಾಗಿದೆ ಎಂದು ತಿಳಿಯಿತು.

ಹಬ್ಬದ ಅಳ್ಳು, ತಂಬಿಟ್ಟು ಕಳಿಸಿದ್ದೇನೆ. ಕೌದಿ ಮುಗಿಯುತ್ತ ಬಂತು. ಹೂವಿನ ನೈಟಿಯೂ ಸೇರಿತು, ಚೆಂದ ಕಾಣುತ್ತದೆ. ಯಮನಪ್ಪ ಮುಂದಿನ ವಾರ ಹೊರಡುತ್ತಾನೆ, ಅವನ ಕೈಯಲ್ಲೇ ಕೊಡುತ್ತೇನೆ.

ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಭಾರ ಎತ್ತಬೇಡ.

ಶೈಲಶ್ರೀ


ಚಂದಾಪುರ
19 ಆಗಸ್ಟ್ 2006

ವೈನಿಗೆ,

ಕೌದಿ ಬಂತು. ಗಂಟು ಬಿಚ್ಚುವ ಮೊದಲೇ ಮುಖಕ್ಕೆ ಒತ್ತಿ ಹಿಡಿದೆ. ಒಳಗಿನ ಅವ್ವನ ಸೀರೆಯ ವಾಸನೆ ಬಂತು. ಮನೆಯೇ ಬಂದ ಹಾಗಾಯಿತು. ಬಸಲಿಂಗ ತನ್ನ ಲುಂಗಿಯ ಚೌಕಳಿ ಹುಡುಕಿ ಹುಡುಕಿ ಹಿಗ್ಗಿದ.

ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ನೋಡಬಾರದಿತ್ತು. ದಿನಕ್ಕೆ ನೂರಾರು ಅಂಗಿಗಳ ಹೊಲಿಗೆ ನೋಡುವ ಕಣ್ಣು ಇದು, ಇದಕ್ಕೆ ಸುಳ್ಳು ಹೇಳಲಾಗುವುದಿಲ್ಲ. ಅವ್ವನ ಹೊಲಿಗೆ ಸ್ವಲ್ಪ ಎಡಕ್ಕೆ ವಾಲಿರುತ್ತದೆ, ಗಂಟು ಪದರದೊಳಗೆ ಅಡಗಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಇದರ ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗಿದೆ, ಗಂಟುಗಳು ಮೇಲೆಯೇ ಕೂತಿವೆ. ಇದು ಶಾಲೆಯಲ್ಲಿ ಕಸೂತಿ ಕಲಿತವರ ಕೈ. ಇದು ನಿಮ್ಮ ಕೈ ವೈನಿ. ಅವ್ವ ಇದಕ್ಕೆ ಸೂಜಿ ಮುಟ್ಟಿಸಿಲ್ಲ.

ಹೋಗಲಿ, ನೀವು ಹೊಲಿದಿರಿ, ನಿಮ್ಮ ಋಣ ದೊಡ್ಡದು. ಆದರೆ ಆ ಕೊನೆಯ ಮೂಲೆ? ಒಳಗೆ ರೊಟ್ಟಿಯ ಚೂರು ಕೈಗೆ ಸಿಗುತ್ತದೆ, ಅಂದರೆ ಅದೇ ಮೂಲೆ. ಅಲ್ಲಿ ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ದಾರ ಸಡಿಲ, ಒಂದು ಕಡೆ ಬಟ್ಟೆಯೇ ಸುಕ್ಕು. ಓಣಿಯ ಯಾವ ಕೂಸಿನ ಕೈಗೆ ಸೂಜಿ ಕೊಟ್ಟಿರಿ? ಹಿರಿಯಳ ಕೈ ಬೀಳಬೇಕಾದ ಮೂಲೆಯನ್ನೂ ಅವ್ವ ಬೇರೆಯವರಿಗೆ ಬಿಟ್ಟುಕೊಟ್ಟಳು ಅಂದರೆ, ನೀನು ನನ್ನ ಮಗಳಲ್ಲ ಎಂದು ಹೇಳಿದ ಹಾಗೇ ಆಯಿತು. ನಾನೊಂದು ಮಾತು ಅಂದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ?

ಯಮನಪ್ಪ ಮಾವನನ್ನು "ಅವ್ವ ಹ್ಯಾಂಗದಾಳ?" ಎಂದು ಕೇಳಿದರೆ ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ನುಂಗಿ "ಬಸ್ ಹೋಗತೈತಿ" ಎಂದು ಎದ್ದ. ಅವನ ಮುಂದೆಯೂ ಅವ್ವ ನನ್ನನ್ನು ಬೈದಿರಬೇಕು.

ಗಣಪತಿ ಹಬ್ಬಕ್ಕೆ ಅವನು ಮತ್ತೆ ಊರಿಗೆ ಬರುತ್ತಿದ್ದಾನೆ. ಕೌದಿಯನ್ನು ವಾಪಸು ಕಳಿಸಿದ್ದೇನೆ. ಆ ಮೂಲೆಗೆ ನಮ್ಮ ಫ್ಯಾಕ್ಟರಿಯ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿದ್ದೇನೆ. ತಪ್ಪು ಇರುವ ಪೀಸಿಗೆ ನಾವು ಹಾಗೆ ಅಂಟಿಸುತ್ತೇವೆ, ಹೊಲಿದವರೇ ಬಿಚ್ಚಿ ಮತ್ತೆ ಹೊಲಿಯಬೇಕು. ಅವ್ವನಿಗೆ ತೋರಿಸಿ. ಆ ಮೂಲೆಯನ್ನು ಬಿಚ್ಚಿ ಅವಳು ತನ್ನ ಕೈಯಾರೆ ಹೊಲಿದರೆ ಕಳಿಸಿ. ಇಲ್ಲವಾದರೆ ಬೇಡ, ನನ್ನ ಕೂಸನ್ನು ಟವೆಲ್ಲಿನಲ್ಲಿ ಸುತ್ತಿಕೊಳ್ಳುತ್ತೇನೆ.

ಮಾದೇವಿ


ಹುನಗುಂದ
2 ಸೆಪ್ಟೆಂಬರ್ 2006

ಪ್ರೀತಿಯ ಮಾದೇವಿಗೆ,

ಈ ಕಾಗದವನ್ನು ಕೂತುಕೊಂಡು ಓದು. ಬಸಲಿಂಗ ಮನೆಯಲ್ಲಿದ್ದಾಗ ಓದು. ನಾನು ಬರೆಯಬಾರದು ಎಂದು ನಿಮ್ಮಣ್ಣ ಆಣೆ ಹಾಕಿಸಿದ್ದ. ನಿನ್ನೆ ನಾನೇ ಅವನಿಗೆ ಹೇಳಿದೆ, ಇನ್ನು ಮುಚ್ಚಿಟ್ಟರೆ ತಾಯಿ ಮಗಳು ಇಬ್ಬರಿಗೂ ನಾವು ಅನ್ಯಾಯ ಮಾಡಿದ ಹಾಗಾಗುತ್ತದೆ ಎಂದು. ಅವನೇ ಕಾಗದ, ಪೆನ್ನು ತಂದುಕೊಟ್ಟ.

ಅವ್ವನಿಗೆ ಲಕ್ವಾ ಹೊಡೆದಿದೆ. ಬಲಗೈ ಸ್ವಾಧೀನದಲ್ಲಿಲ್ಲ. ಬಲಗಾಲು ಈಗ ಸ್ವಲ್ಪ ಎಳೆಯುತ್ತಾಳೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಮಾತು ಬಹಳ ದಿನ ಬಂದೇ ಇರಲಿಲ್ಲ. ಫೋನಿಗೆ ಬಂದು ಏನು ಮಾಡುತ್ತಿದ್ದಳು ಹೇಳು?

ಯಾವಾಗ ಆಯಿತು ಎಂದು ನೀನು ಕೇಳುತ್ತೀ. ಅದನ್ನು ಹೇಳಬೇಕಾಗುತ್ತದೆ ಎಂದೇ ಇಷ್ಟು ದಿನ ಹೆದರಿದೆವು. ಬಸವ ಜಯಂತಿಯ ಮರುದಿನ ಬೆಳಿಗ್ಗೆ. ಆದರೆ ಕೇಳು, ನಿನ್ನ ಮಾತಿನಿಂದ ಆದದ್ದಲ್ಲ. ಬಾಗಲಕೋಟೆಯ ಡಾಕ್ಟರು ಬಿಪಿ ಬಹಳ ದಿನದಿಂದ ಏರಿತ್ತು ಅಂದರು. ಅವ್ವ ದಿನಾ ನುಂಗಿದೆ ಎಂದು ನಮಗೆ ಹೇಳುತ್ತಿದ್ದ ಗುಳಿಗೆಗಳೆಲ್ಲ ಆಮೇಲೆ ಜೋಳದ ಡಬ್ಬಿಯಲ್ಲಿ ಸಿಕ್ಕವು. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ಅತ್ತೆ. ನೀನು ಐದು ತಿಂಗಳ ಬಸುರಿ, ಸುದ್ದಿ ತಿಳಿದರೆ ಆ ಕ್ಷಣವೇ ಬಸ್ಸು ಹತ್ತುವವಳು. ಅದಕ್ಕೇ ಮುಚ್ಚಿಟ್ಟೆವು. ಯಮನಪ್ಪನಿಂದಲೂ ಮಾತು ತೆಗೆದುಕೊಂಡಿದ್ದೆವು. ಪಾಪ, ಅವನ ನಾಲಿಗೆ ಸುಟ್ಟದ್ದು ಹಾಗೆ.

ಇನ್ನೊಂದು ಸುಳ್ಳೂ ಇದೆ. ನಿನ್ನ ಎಕ್ಸ್‌ಪೋರ್ಟ್ ಬಟ್ಟೆ ನೋಡಿ ಅವ್ವ ಅಂದಳು ಎಂದು ಬರೆದೆನಲ್ಲ, ಅವಳು ಏನೂ ಅಂದಿರಲಿಲ್ಲ. ತುಂಡುಗಳನ್ನು ಮೂಸಿ ಮುಖ ತಿರುಗಿಸಿದಳು, ಅಷ್ಟೇ. ಮಾತುಗಳನ್ನು ನಾನು ಕಟ್ಟಿದೆ. ಬಾಯಿದ್ದಿದ್ದರೆ ಏನನ್ನುತ್ತಿದ್ದಳು ಎಂದು ನನಗೆ ಗೊತ್ತು. ಎಂಟು ವರ್ಷ ಅವಳ ಬೈಗುಳ ತಿಂದಿದ್ದೇನೆ. ಬರೆಯುತ್ತ ಬರೆಯುತ್ತ ಅವಳೇ ಪಕ್ಕದಲ್ಲಿ ಕೂತು ಮಾತಾಡಿದ ಹಾಗಾಯಿತು. ನನಗೂ ಅವಳ ದನಿ ಬೇಕಾಗಿತ್ತು ಮಾದೇವಿ.

ಕೌದಿ ನಾನೇ ಹೊಲಿದೆ. ಯಾವ ತುಂಡಿನ ಪಕ್ಕ ಯಾವುದು ಎಂದು ಅವ್ವ ಎಡಗೈಯಿಂದ ತೋರಿಸುತ್ತಿದ್ದಳು, ತಪ್ಪಿದರೆ ಬಟ್ಟೆ ಎಳೆದು ಹಾಕುತ್ತಿದ್ದಳು. ಮಹಾಂತಮ್ಮ ಬಾಗಿಲಲ್ಲಿ ನಿಂತು ನೋಡಿ, "ಮಡಲ ತುಂಬದಾಕಿ ಕೂಸಿನ ಕೌದಿಗೆ ಸೂಜಿ ಹಚ್ಚಬಾರದವಾ, ನಿನಗ ಗೊತ್ತಿಲ್ಲೇನು?" ಎಂದು ಒಳ್ಳೆಯ ಮಾತಿನಲ್ಲೇ ಹೇಳಿಹೋದಳು. ಕೆಟ್ಟವಳಲ್ಲ ಅವಳು. ಆದರೂ ನಿನ್ನ ಕೂಸಿಗೆ ನನ್ನಿಂದ ಏನಾದರೂ ಕೆಟ್ಟದ್ದಾದರೆ ಎಂದು ಸೂಜಿ ಇಟ್ಟುಬಿಟ್ಟೆ. ಅವ್ವ ಆ ಸೂಜಿಯನ್ನು ಎತ್ತಿ ಮತ್ತೆ ನನ್ನ ಕೈಯಲ್ಲಿಟ್ಟು, ಬಾಗಿಲ ಕಡೆ ಬೆರಳು ಮಾಡಿದಳು. ಬಾಗಿಲು ಹಾಕಿಕೊಂಡು ಹೊಲಿದೆ.

ಕೊನೆಯ ಮೂಲೆ ಬಂದಾಗ ಅವ್ವ ಕೈ ಚಾಚಿದಳು. ನಾನು ಬಟ್ಟೆಯನ್ನು ಹಿಡಿದುಕೊಂಡೆ, ಅವಳು ಎಡಗೈಯಿಂದ ಹೊಲಿದಳು. ಒಂದು ಹೊಲಿಗೆ ಹಾಕುವುದು, ದಣಿದು ಒರಗುವುದು, ಮತ್ತೆ ಏಳುವುದು. ಎರಡು ದಿನ ಹಿಡಿಯಿತು. ಬೆರಳಿಗೆ ಚುಚ್ಚಿಕೊಂಡು ರಕ್ತ ಬಂದರೂ ಸೂಜಿ ಬಿಡಲಿಲ್ಲ. ನೀನು ಬಾಣ ಅಂಟಿಸಿದ ಮೂಲೆ ಅದೇ. ಅದೊಂದೇ ಈ ಕೌದಿಯಲ್ಲಿ ನಿನ್ನ ಅವ್ವನ ಕೈ.

ಯಮನಪ್ಪ ಗಂಟು ತಂದಾಗ ನಾನು ಅಡಗಿಸಿಡಲು ಹೋದೆ. ಅಷ್ಟರಲ್ಲಿ ಅವ್ವ ನೋಡಿಬಿಟ್ಟಳು. ಬಾಣದ ಮೇಲೆ ಬೆರಳಿಟ್ಟು ಇದೇನು ಎಂದು ಸನ್ನೆಯಲ್ಲಿ ಕೇಳಿದಳು. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು, ಇದ್ದದ್ದನ್ನು ಹೇಳಿದೆ. ಅಳುತ್ತಾಳೆ ಅಂದುಕೊಂಡೆ. ನಕ್ಕಳು ಮಾದೇವಿ! ಲಕ್ವಾ ಹೊಡೆದ ಮೇಲೆ ಮೊದಲ ಸಲ ನಕ್ಕಳು, ಬಾಯಿ ಒಂದೇ ಕಡೆಗೆ ಹೋಯಿತು. ಆಮೇಲೆ ಬಹಳ ಕಷ್ಟಪಟ್ಟು, "ನನ್ನ... ಮಗಳು... ಕೆಲಸ... ಕಲ್ತಾಳ" ಅಂದಳು. ಇದು ನಾನು ಕಟ್ಟಿದ್ದಲ್ಲ. ಅವಳೇ ಅಂದದ್ದು.

ಈಗ ಕತ್ತರಿ ಕೇಳುತ್ತಿದ್ದಾಳೆ. ಬಿಚ್ಚಿ ಮತ್ತೆ ಹೊಲಿಯುತ್ತಾಳಂತೆ. ನಾನು ಕತ್ತರಿಯನ್ನು ಗೋಡೆಯ ಮಾಡದಲ್ಲಿ ಬಚ್ಚಿಟ್ಟಿದ್ದೇನೆ. ಏನು ಮಾಡಲಿ ಹೇಳು.

ಶೈಲಶ್ರೀ


ಚಂದಾಪುರ
8 ಸೆಪ್ಟೆಂಬರ್ 2006

ವೈನಿ, ಇದು ಅವ್ವನಿಗೆ ಬರೆದ ಕಾಗದ. ಅವಳ ಮುಂದೆ ಕೂತು, ನಾನು ಮಾತಾಡುವ ಹಾಗೆಯೇ ಓದಿ.

ಅವ್ವಾ,

ನಾ ಮಾದೇವಿ. ಮೊದಲು ಕತ್ತರಿ ಬಿಡು. ಆ ಮೂಲಿ ಬಿಚ್ಚಬ್ಯಾಡ. ನೀ ಬಿಚ್ಚಿದರ ನಾ ಊರಿಗೆ ಬಂದು ಜಗಳಾ ಮಾಡತೀನಿ. ಅದರಾಗಿನ ಒಂದು ಎಳಿ ಸೈತ ಸರೀಬಾರದು.

ಕಾಗದ ಓದಿದ ಕೂಡಲೆ ಬಸ್‌ಸ್ಟ್ಯಾಂಡಿಗೆ ಹೊಂಟಿದ್ದೆ. ಇವರು ಅಡ್ಡ ನಿಂತರು, ಅಂಜಿನಮ್ಮ ಗೇಟಿಗೆ ಕೀಲಿ ಹಾಕಿದಳು. "ಒಂಬತ್ತು ತುಂಬ್ತಾ ಐತೆ, ದಾರೀಲೇ ಎರ್ತೀಯೇನೇ? ನಿಮ್ಮವ್ವಂಗೆ ಇನ್ನೊಂದು ಏಟು ಬೀಳ್ಬೇಕಾ?" ಅಂತ ಬೈದಳು. ಆಕಿ ಮಾತಿಗೆ ಸುಮ್ಮನ ಕುಂತೆ. ಇಲ್ಲಂದ್ರ ನಿಲ್ತಿದ್ದಿಲ್ಲ.

ನಿನ್ನ ಕೈ ಬಗ್ಗೆ ನಾ ಏನಂದೆ ಅಂತ ನೆನಸಿದರ ಎದಿ ಸುಡತೈತಿ. ನನ್ನ ಬೆಳಿಸಿದ್ದು ಅದ ಕೈ. ಡಾಕ್ಟರು ಏನರ ಅನ್ನಲಿ, ನಾ ಅಂದದ್ದು ಅಂದದ್ದ. ನೀ ಆ ಹೊತ್ತಿನ್ಯಾಗ ಮಾತಿಲ್ಲದ ಮಲಗಿದ್ದಿ, ನಾ ಇಲ್ಲಿ ಅವ್ವಗ ಸೊಕ್ಕು, ಅವ್ವಗ ಹಠ ಅಂತ ಓಣಿ ತುಂಬ ಹೇಳಕೋತ ತಿರಗಿದೆ. ಕುಬಸಕ್ಕ ಬರಲಿಲ್ಲಂತ ನಿನ್ನ ಮ್ಯಾಲ ಅತ್ತೆ. ನಿನ್ನ ಸಲುವಾಗಿ ಒಂದ ದಿನಾನೂ ಅಳಲಿಲ್ಲ.

ಇನ್ನೊಂದು ಮಾತು. ವೈನಿ, ಇದನ್ನೂ ಓದಬೇಕು, ಬಿಡಬಾರದು. ಅವ್ವಾ, ಕೂಸಿನ ತೊಟ್ಟಿಲದಾಗ ಕೌದಿ ಹಾಸಿ ಕೂಸಿನ ಮಲಗಸೂದು ನಮ್ಮ ವೈನಿನ. ಮಹಾಂತಮ್ಮಗ ನೀನ ಹೇಳು. ಮಾತು ಬರದಿದ್ದರ ಸೂಜಿ ತೋರಸು. ಇಂಥ ಕೈ ಮುಟ್ಟಿದರ ನನ್ನ ಕೂಸಿಗೆ ಒಳ್ಳೇದ ಆಗತೈತಿ, ಕೆಟ್ಟದ್ದು ಹ್ಯಾಂಗ ಆದೀತು?

ನೀ ಸಿಟ್ಟಾಗೀದಿ ಅಂತ ತಿಳಕೊಂಡಿದ್ದೆ. ಬರೇ ಸಿಟ್ಟಾಗಿದ್ದರ ಎಷ್ಟು ಚಲೋ ಇತ್ತವ್ವಾ.

ನಿನ್ನ
ಮಾದಿ


ಹುನಗುಂದ
15 ಸೆಪ್ಟೆಂಬರ್ 2006

ಪ್ರೀತಿಯ ಮಾದೇವಿಗೆ,

ನಿನ್ನ ಕಾಗದವನ್ನು ಓದಿದೆ. ನನ್ನ ಬಗ್ಗೆ ಬರೆದ ಸಾಲು ಬಂದಾಗ ಕಾಗದ ಕೆಳಗಿಟ್ಟೆ, ನಿಮ್ಮಣ್ಣ ಎತ್ತಿಕೊಂಡು ಮುಂದೆ ಓದಿದ. ಅದಕ್ಕೆ ನಾನು ಉತ್ತರ ಬರೆಯಲಾರೆ. ನಿನ್ನ ಎದುರು ಕೂತಾಗ ಹೇಳಲು ಆದರೆ ಹೇಳುತ್ತೇನೆ. ಕಾಗದ ಓದುವಾಗ ಮಹಾಂತಮ್ಮ ಎಲೆ ಅಡಿಕೆ ಕೇಳುವ ನೆಪದಲ್ಲಿ ಬಂದು ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಎದ್ದು ಹೋದಳು. ಸಂಜೆ ಒಂದು ಬಟ್ಟಲು ತುಪ್ಪ ತಂದಿಟ್ಟು, "ಬಾಣಂತಿಗೆ ಒಯ್ಯಿ, ನಿನ್ನ ಕೈಲೆ ಉಣಸು" ಅಂದಳು.

ಮೂಲೆ ಬಿಚ್ಚಿಲ್ಲ. ಆದರೆ ನಿನ್ನ ಬಾಣವನ್ನು ಅವ್ವ ಉಗುರಿನಿಂದ ಕಿತ್ತು, ಕೌದಿಯನ್ನೆಲ್ಲ ತಿರುವಿ ನೋಡಿ, ನನ್ನ ನೆಟ್ಟನೆಯ ಸಾಲಿನಲ್ಲಿ ಮೇಲೆ ಕೂತ ಒಂದು ಗಂಟಿನ ಮೇಲೆ ಅಂಟಿಸಿದ್ದಾಳೆ. ನಿಮ್ಮ ಮನೆತನದಲ್ಲಿ ಎಲ್ಲರೂ ಚೆಕಿಂಗಿನವರೇ ಎಂದು ನನಗೆ ಈಗ ಗೊತ್ತಾಯಿತು.

ನಾವು ಬರುತ್ತಿದ್ದೇವೆ. ನಿಮ್ಮಣ್ಣ, ಅವ್ವ, ನಾನು, ಮೂವರೂ. ಡಾಕ್ಟರು ಮಲಗುವ ಸೀಟಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದು ಅಂದರು. ನಿಮ್ಮಣ್ಣ ಇಲ್ಲವೇ ಇಲ್ಲ ಎಂದು ಮೊದಲು ಹಠ ಹಿಡಿದ. ಇಷ್ಟು ದೂರ ಬೇಡ, ಹೆರಿಗೆಯಾದ ಮೇಲೆ ಮಾದೇವಿಯೇ ಬರುತ್ತಾಳೆ ಎಂದು ಸಮಾಧಾನ ಹೇಳಿದ. ಅವ್ವ ಕೇಳಿದರೆ ತಾನೇ? ಬೆಳಿಗ್ಗೆ ಎದ್ದು ನೋಡಿದರೆ ಕೌದಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಮಹಾಲಯ ಅಮಾವಾಸ್ಯೆಗೆ ಮೊದಲೇ ಅಲ್ಲಿರುತ್ತೇವೆ. ಕೆಳಗಿನ ಮನೆಯಲ್ಲಿ ಒಂದು ಕೋಣೆ ಸಿಗುತ್ತದೆಯೇ ಎಂದು ಅಂಜಿನಮ್ಮನನ್ನು ಕೇಳಿಡು, ಅವ್ವನಿಗೆ ಮೆಟ್ಟಿಲು ಹತ್ತಲಾಗದು.

ನಿನ್ನ ಕೊನೆಯ ಸಾಲನ್ನು ಅವ್ವ ಎರಡು ಸಲ ಓದಿಸಿದಳು. ಬರೇ ಸಿಟ್ಟಾಗಿದ್ದರೆ ಚಲೋ ಇತ್ತು ಎಂದು ಬರೆದೆಯಲ್ಲ, ಅದು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಲು ಹೋದ ನನ್ನ ಕೈಯನ್ನು ತಳ್ಳಿದಳು. ಎಡಗೈಯಿಂದ ನೆಲಕ್ಕೆ ಒಂದು ಏಟು ಕೊಟ್ಟು, ಒಂದೊಂದೇ ಮಾತು ಎಳೆದು ಎಳೆದು, ನನಗೆ ಬರೆಯಲು ಹೇಳಿದಳು:

"ಸಿಟ್ಟ... ಐತಿ. ಬಂದು... ತೋರಸತೀನಿ."

ಶೈಲಶ್ರೀ